ಐಸ್ ಫ್ಯಾಕ್ಟರಿಯ ಮೂಗು

ಆ ಐಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ಜನ ಕೆಲಸ ಮಾಡುತ್ತಿದ್ದರು, ಆದರೆ ಮೂಗು ಇದ್ದದ್ದು ಒಬ್ಬನಿಗೇ. ಉಳಿದ ಹತ್ತು ಜನರ ಮುಖದ ಮೇಲೂ ಅದು ಇತ್ತೆನ್ನಿ. ನೆಗಡಿಯಾದಾಗ ಸೀನುವುದಕ್ಕೆ, ಪಕ್ಕದವರ ವಿಷಯದಲ್ಲಿ ತೂರಿಸುವುದಕ್ಕೆ ಚೆನ್ನಾಗಿಯೇ ಬಳಕೆಯಾಗುತ್ತಿತ್ತು. ಆದರೆ ಗ್ಯಾಸು ಸೋರುತ್ತಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರ ಮಿಷಿನ್ ರೂಮಿನ ಮೇಸ್ತ್ರಿಯ ಮೂಗಿಗೆ ಮಾತ್ರ ಸೇರಿದ್ದು. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಮೂವತ್ತು ವರ್ಷಗಳಿಂದ ಹಾಗೇ ನಡೆದುಕೊಂಡು ಬಂದಿತ್ತು.

ಗ್ಯಾಸು ಎಂದರೆ ಅಮೋನಿಯ. ಕಂಪ್ರೆಸರ್ ಅದನ್ನು ಒತ್ತಿ ಒತ್ತಿ ಬಿಸಿ ಮಾಡುತ್ತದೆ; ಹೊರಗಿನ ಕೊಳವೆಗಳ ಮೇಲೆ ಸುರಿಯುವ ನೀರು ಅದನ್ನು ತಣಿಸಿ ದ್ರವ ಮಾಡುತ್ತದೆ; ಆ ದ್ರವ ಟ್ಯಾಂಕಿನೊಳಗಿನ ಕೊಳವೆಗಳಿಗೆ ಬಂದು ಮತ್ತೆ ಗ್ಯಾಸಾಗುವಾಗ ಸುತ್ತಲಿನ ಉಪ್ಪುನೀರಿನ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಆ ಉಪ್ಪುನೀರಲ್ಲಿ ಮುಳುಗಿಸಿಟ್ಟ ತಗಡಿನ ಡಬ್ಬಿಗಳೊಳಗೆ ಸಿಹಿನೀರು ಗಡ್ಡೆ ಕಟ್ಟುತ್ತದೆ. ಕೇಳುವುದಕ್ಕೆ ಇಷ್ಟೇ. ಕೊಳವೆಯೊಳಗೆ ಇರುವಷ್ಟು ಹೊತ್ತು ಅಮೋನಿಯ ಬಲು ಸಾಧು. ಹೊರಗೆ ಬಂತೋ, ಎಲ್ಲಿ ಒದ್ದೆಯಿದೆ ಎಂದು ಹುಡುಕಿಕೊಂಡು ಹೋಗುತ್ತದೆ. ಮನುಷ್ಯನ ಮೈಯಲ್ಲಿ ಒದ್ದೆಯಿರುವ ಜಾಗಗಳು ಕಣ್ಣು, ಗಂಟಲು, ಪುಪ್ಪುಸ.

ಮೇಸ್ತ್ರಿ ಇಪ್ಪತ್ತೈದನೆಯ ವಯಸ್ಸಿಗೆ ಅಲ್ಲಿಗೆ ಬಂದಾಗ ಎಣ್ಣೆ ಹಾಕುವ ಕೆಲಸ ಅವನದು. ಸೇರಿದ ಎರಡನೆಯ ತಿಂಗಳು, ಎಲ್ಲರೂ ಊಟಕ್ಕೆ ಕೂತಿದ್ದಾಗ, ಬುತ್ತಿ ಬಿಟ್ಟು ಎದ್ದು "ಗ್ಯಾಸು" ಎಂದ. ಆಗಿನ ಹಳೆಯ ಮೇಸ್ತ್ರಿ ಮೂಗು ಮುರಿದ. ಗಂಧಕದ ಬತ್ತಿ ಹಚ್ಚಿ ಕೊಳವೆಯುದ್ದಕ್ಕೂ ಹಿಡಿದು ನೋಡಿದರೆ, ಅಮೋನಿಯ ಸೋರುವಲ್ಲಿ ಗಂಧಕದ ಹೊಗೆ ಬೆಳ್ಳಗೆ ದಟ್ಟವಾಗುತ್ತದೆ. ಹಾಗೆ ನೋಡಿದಾಗ ಮೂರನೆಯ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಬಿಳಿ ಹೊಗೆ ಎದ್ದಿತು. ಅಲ್ಲಿಂದ ಮುಂದೆ ಅವನು ಮೂಗಿನ ಬಲದಿಂದಲೇ ಮೇಲೆ ಬಂದ. ಅದನ್ನು ಕಾಪಾಡಲು ಬೀಡಿ ಬಿಟ್ಟ, ನಶ್ಯದ ಹತ್ತಿರ ಸುಳಿಯಲಿಲ್ಲ. ನೆಗಡಿಯಾದ ನೆಂಟರು ಮನೆಗೆ ಬಂದರೆ ಮುಖ ಸಿಂಡರಿಸಿ ದೂರ ಕೂರುತ್ತಿದ್ದ. ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ. ಹಾಡುವವನಿಗೆ ಗಂಟಲ ಬಗ್ಗೆ ಇರುವಷ್ಟೇ.

ಅವನ ಹೆಂಡತಿ ಒಂದು ಪ್ರೌಢಶಾಲೆಯ ವಿಜ್ಞಾನದ ಪ್ರಯೋಗಾಲಯದಲ್ಲಿ ಸೀಸೆ ತೊಳೆದು, ಒರೆಸಿ, ಜೋಡಿಸಿಡುವ ಕೆಲಸದಲ್ಲಿದ್ದಳು. ಇಪ್ಪತ್ತು ವರ್ಷ ಒಂದೇ ಪಾಠವನ್ನು ಗೋಡೆಯ ಬದಿ ನಿಂತು ಕೇಳಿದ್ದರಿಂದ ಮಕ್ಕಳಿಗಿಂತ ಚೆನ್ನಾಗಿ ಅವಳಿಗೆ ಬರುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಎಣಿಸುತ್ತಿದ್ದಳು: ನೀರಲ್ಲಿ ಹೈಡ್ರೋಜನ್, ಒಲೆಯ ಗ್ಯಾಸಲ್ಲಿ ಹೈಡ್ರೋಜನ್, ಸಕ್ಕರೆಯಲ್ಲಿ, ಎಣ್ಣೆಯಲ್ಲಿ, ಸೋಪಿನಲ್ಲಿ, ಕಕ್ಕಸು ತೊಳೆಯುವ ಆಸಿಡ್ಡಿನಲ್ಲಿ.

"ನಿಮ್ಮ ಅಮೋನಿಯದಲ್ಲಿ ಒಂದು ನೈಟ್ರೋಜನ್ನಿಗೆ ಮೂರು ಹೈಡ್ರೋಜನ್," ಎನ್ನುತ್ತಿದ್ದಳು. "ಒಂದು ಮನೆಗೆ ಮೂರು ಸೊಸೆಯರು. ಅದಕ್ಕೇ ಅಷ್ಟು ಘಾಟು."

"ನೀರಿಗೂ ಇಬ್ಬರು ಸೊಸೆಯರು ಅಂದ್ಯಲ್ಲ. ಅದು ತಣ್ಣಗಿಲ್ವಾ?"

"ಹೋದ ಮನೆ ಹೇಗೋ ಹಾಗೆ ಕಣ್ರೀ. ಇಲ್ಲಿಗೆ ಬಂದು ನಾನೂ ಹೀಗಾಗಿಲ್ವಾ?"

ಶಾಲೆಯಲ್ಲಿ ಅವಳಿಗೆ ಒಂದು ಕಟ್ಟಪ್ಪಣೆ ಇತ್ತು. ಅಮೋನಿಯದ ಸೀಸೆಯನ್ನೂ ಹೈಡ್ರೋಕ್ಲೋರಿಕ್ ಆಸಿಡ್ಡಿನ ಸೀಸೆಯನ್ನೂ ಒಂದೇ ಕಪಾಟಿನಲ್ಲಿ ಇಡಕೂಡದು. ಇಟ್ಟರೆ ಎರಡರ ಆವಿಯೂ ಗಾಳಿಯಲ್ಲೇ ಕೂಡಿ ಬಿಳಿ ಹೊಗೆಯಾಗಿ, ಸುತ್ತಲಿನ ಗಾಜಿನ ಮೇಲೆಲ್ಲ ಬೂದಿಯಂತೆ ಕೂರುತ್ತದೆ. ಹೊಸದರಲ್ಲಿ ಒಮ್ಮೆ ಹಾಗೆ ಇಟ್ಟು ಬೈಸಿಕೊಂಡಿದ್ದನ್ನು ಅವಳು ಗಂಡನಿಗೆ ಹತ್ತಾರು ಸಲ ಹೇಳಿದ್ದಳು. ಅವನು ಹೂಂಗುಟ್ಟಿ ಮರೆತಿದ್ದ, ಅಥವಾ ಮರೆತಿದ್ದೇನೆಂದುಕೊಂಡಿದ್ದ.

ಐವತ್ತಾರನೆಯ ವಯಸ್ಸಿನಲ್ಲಿ ಮೇಸ್ತ್ರಿಗೆ ಒಂದು ಜ್ವರ ಬಂತು. ಎಂಟು ದಿನ ಮಲಗಿದ, ಒಂಬತ್ತನೆಯ ದಿನ ಎದ್ದ, ಹತ್ತನೆಯ ದಿನ ಕೆಲಸಕ್ಕೆ ಹೋದ. ಅಂದು ಕಂಪ್ರೆಸರ್‌ನಿಂದ ಕೊಳವೆಗೆ ಸೇರಿಕೊಂಡ ಹಳೆಯ ಎಣ್ಣೆಯನ್ನು ಬಸಿಯುವ ದಿನ. ಆ ಎಣ್ಣೆಯಲ್ಲಿ ಅಮೋನಿಯ ನೆನೆದಿರುತ್ತದೆ. ಬಕೆಟ್ಟಿಗೆ ಬಿಡುವಾಗ ಎಲ್ಲರೂ ನಾಲ್ಕು ಮಾರು ಹಿಂದೆ ಸರಿಯುತ್ತಾರೆ. ಮೇಸ್ತ್ರಿ ಬಗ್ಗಿ ವಾಲ್ವ್ ತಿರುಗಿಸಿದ. ಕಪ್ಪು ಎಣ್ಣೆ ಗುಳುಗುಳು ಎಂದು ಬಿತ್ತು. ಅವನಿಗೆ ಏನೂ ಬರಲಿಲ್ಲ. ಇನ್ನಷ್ಟು ಬಗ್ಗಿದ. ಕಣ್ಣು ಉರಿಯಿತು, ಮೂಗಿನೊಳಗೆ ಚುಚ್ಚಿತು, ಆದರೆ ವಾಸನೆ ಎಂಬುದು ಇರಲೇ ಇಲ್ಲ. ಗೋಡೆಯ ಚಿತ್ರವೊಂದನ್ನು ಕಿತ್ತುಕೊಂಡು ಹೋದಮೇಲೆ ಮೊಳೆ ಮಾತ್ರ ಉಳಿದ ಹಾಗೆ.

ರಜೆ ಹಾಕದೆ, ಊಟದ ಹೊತ್ತಿನಲ್ಲಿ ಕದ್ದು ಕಿವಿ ಮೂಗಿನ ಡಾಕ್ಟರ ಬಳಿ ಹೋದ. ಡಾಕ್ಟರು ದೀಪ ಬಿಟ್ಟು ನೋಡಿದರು. "ಜ್ವರದ ಮೇಲೆ ಹೀಗಾಗೋದುಂಟು. ಕೆಲವರಿಗೆ ವಾಪಸ್ಸು ಬರುತ್ತೆ, ಕೆಲವರಿಗಿಲ್ಲ. ಆರು ತಿಂಗಳು ನೋಡೋಣ," ಎಂದರು. ಏನು ಕೆಲಸ ಎಂದು ಕೇಳಿದ್ದಕ್ಕೆ ಮೇಸ್ತ್ರಿ "ಐಸ್ ಮಾರ್ತೀನಿ" ಎಂದುಬಿಟ್ಟ.

ಆರು ತಿಂಗಳು ಎಂಬ ಮಾತೇ ಅವನನ್ನು ಕೆಡಿಸಿತು. ಹೋಗಿದೆ ಎಂದು ಖಂಡಿತವಾಗಿ ಹೇಳಿದ್ದರೆ ಯಜಮಾನರಿಗೆ ಹೇಳುತ್ತಿದ್ದನೇನೋ. ನಾಳೆ ಬರಬಹುದಾದ್ದನ್ನು ಇವತ್ತೇ ಯಾಕೆ ಊರಿಗೆಲ್ಲ ಸಾರಬೇಕು? ಹೇಳಿದರೆ ಮಿಷಿನ್ ರೂಮು ಹೋಗುತ್ತದೆ. ಮಿಷಿನ್ ರೂಮು ಹೋದರೆ ಅವನು ಯಾರು? ಎಣ್ಣೆ ಹಾಕುವ ಮುದುಕ. ಹೇಳದಿದ್ದರೆ, ಒಂದು ದಿನ ಗ್ಯಾಸು ಸೋರಿ, ಹೇಳಬೇಕಾದವನು ಹೇಳದೆ, ಹತ್ತು ಜನ ಅದರೊಳಗೆ ನಿಂತಿರುತ್ತಾರೆ. ಇದು ಅವನಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡ.

ಆಗ ನೆನಪಾದದ್ದು ಹೆಂಡತಿಯ ಕಪಾಟಿನ ಕತೆ. ಗಂಧಕದ ಬತ್ತಿ ಹಚ್ಚಿದರೆ ಅದರ ನಾತಕ್ಕೆ ಎಲ್ಲರೂ ಬಂದು "ಎಲ್ಲಿ ಸೋರ್ತಿದೆ ಮೇಸ್ತ್ರಿ?" ಎನ್ನುತ್ತಾರೆ. ಆಸಿಡ್ಡಿನದು ಹಾಗಲ್ಲ. ಅಂಗಡಿಯಿಂದ ಕಕ್ಕಸು ತೊಳೆಯುವ ಆಸಿಡ್ ತಂದು, ಔಷಧಿಯ ಪುಟ್ಟ ಸೀಸೆಗೆ ತುಂಬಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಒಂದು ಕಡ್ಡಿಯ ತುದಿಗೆ ಹತ್ತಿ ಸುತ್ತಿದ. ಬೆಳಿಗ್ಗೆ ಆರು ಗಂಟೆಗೆ, ಉಳಿದವರು ಬರುವ ಮುಂಚೆ, ಹತ್ತಿಯನ್ನು ಅದ್ದಿ ಒಂದೊಂದೇ ಜಾಯಿಂಟಿನ ಬಳಿ ಹಿಡಿಯುತ್ತಿದ್ದ. ಬಿಳಿ ಹೊಗೆ ಎದ್ದರೆ ಸೋರಿಕೆ, ಇಲ್ಲದಿದ್ದರೆ ಇಲ್ಲ. ಒಟ್ಟು ಮೂವತ್ತೆರಡು ಜಾಯಿಂಟು, ಹನ್ನೆರಡು ವಾಲ್ವು. ಎರಡು ಸಲ ನಿಜವಾಗಿಯೂ ಹೊಗೆ ಕಂಡು, ಬಿಗಿ ಮಾಡಿ, ಆಮೇಲೆ ಬಂದವರ ಎದುರು ಮೂಗು ಸವರಿಕೊಂಡು "ಬೆಳಿಗ್ಗೆ ಒಂಚೂರು ಇತ್ತು, ನೋಡಿಕೊಂಡೆ" ಎಂದ. ಜನ ತಲೆದೂಗಿದರು. ಅವರ ಕಣ್ಣಿಗೆ ಮಣ್ಣೆರಚುವುದು ಇಷ್ಟು ಸುಲಭವೇ ಎಂದು ಅವನಿಗೇ ನಾಚಿಕೆಯಾಯಿತು.

ಮೂರು ತಿಂಗಳ ಮೇಲೆ ಸಿಕ್ಕಿಬಿದ್ದದ್ದು ಅಂಗಿಯಿಂದ. ಒಗೆಯುವಾಗ ಹೆಂಡತಿ ಜೇಬಿನ ಬಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ತೂತುಗಳನ್ನು ಕಂಡಳು. ಒಂದಲ್ಲ, ಮೂರು ಅಂಗಿಗಳಲ್ಲಿ.

"ಈ ವಯಸ್ಸಿಗೆ ಮತ್ತೆ ಬೀಡಿ ಶುರು ಹಚ್ಕೊಂಡ್ರಾ?"

"ಇಲ್ವೇ."

"ಮತ್ತೆ ಇದೇನು, ಇಲಿ ಕಡೀತಾ?"

ಅವನು ಉತ್ತರ ಹುಡುಕುವಷ್ಟರಲ್ಲಿ ಅವಳು ತೂತಿನ ಅಂಚನ್ನು ಉಜ್ಜಿ ನೋಡಿದಳು. ಬಟ್ಟೆ ಸುಟ್ಟಿರಲಿಲ್ಲ, ಪುಡಿಪುಡಿಯಾಗಿ ಉದುರಿತು. ಇಪ್ಪತ್ತು ವರ್ಷ ಅವಳ ಸೀರೆಯ ಸೆರಗಿಗೂ ಅದೇ ಗತಿಯಾಗಿತ್ತು.

"ಇದು ಆಸಿಡ್ಡು. ನಿಮಗ್ಯಾಕೆ ಬೇಕಿತ್ತು ಆಸಿಡ್ಡು?"

ಎಲ್ಲ ಹೇಳಿದ. ಅವಳು ಅಂಗಿಯನ್ನು ಹಿಡಿದುಕೊಂಡೇ ಕೇಳಿದಳು. ಪಾಪ ಎನ್ನುತ್ತಾಳೆ ಎಂದು ಅವನು ಕಾದಿದ್ದ. ಅವಳು ಪಾಪ ಅನ್ನಲಿಲ್ಲ.

"ನಿಮ್ಮ ಕಡ್ಡಿ ಬೆಳಿಗ್ಗೆ ಆರು ಗಂಟೆದು ಹೇಳುತ್ತೆ. ಏಳು ಗಂಟೆಗೆ ಸೋರಿದ್ರೆ?"

"ಜಾಸ್ತಿಯಾದ್ರೆ ಕಣ್ಣು ಉರಿಯುತ್ತೆ. ಉರಿ ಗೊತ್ತಾಗುತ್ತೆ ನನಗೆ."

"ನಿಮ್ಮ ಕಣ್ಣು ಉರಿಯೋ ಹೊತ್ತಿಗೆ ಒಳಗಿರೋರ ಕಣ್ಣು ಇರುತ್ತಾ?" ಎಂದಳು. ಆಮೇಲೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ನೀವೇ ಹೇಳಿ. ಇಲ್ಲಾಂದ್ರೆ ನಾನೇ ಬಂದು ಯಜಮಾನರಿಗೆ ಹೇಳ್ತೀನಿ."

"ಸೋಮವಾರ ಹೇಳ್ತೀನಿ."

ಸೋಮವಾರ ಯಜಮಾನರು ಬಲು ಖುಷಿಯಲ್ಲಿದ್ದರು. ಅದನ್ನು ಹಾಳು ಮಾಡಲು ಮನಸ್ಸಾಗಲಿಲ್ಲ. ಮುಂದಿನ ಸೋಮವಾರ ಅವರು ಸಿಡಿಮಿಡಿಗುಟ್ಟುತ್ತಿದ್ದರು; ಉರಿಯುವುದಕ್ಕೆ ಎಣ್ಣೆ ಹೊಯ್ಯಲು ಧೈರ್ಯವಾಗಲಿಲ್ಲ. ಹೇಳಲು ಇಷ್ಟವಿಲ್ಲದವನಿಗೆ ಯಜಮಾನರ ಯಾವ ಮುಖವಾದರೂ ನೆಪವಾಗುತ್ತದೆ. ತಾನೇ ಬಂದು ಹೇಳುತ್ತೇನೆಂದಿದ್ದ ಹೆಂಡತಿಗೂ ಗಂಡನ ಮರ್ಯಾದೆ ಕಳೆಯಲು ಮನಸ್ಸು ಬರಲಿಲ್ಲ; ಮಾತು ಬಿಟ್ಟಳು. ಬುತ್ತಿ ಮಾತ್ರ ಕಟ್ಟಿಕೊಡುತ್ತಿದ್ದಳು.

ಮೂರನೆಯ ಸೋಮವಾರ ಅವನು ನಿಜಕ್ಕೂ ಗಟ್ಟಿ ಮನಸ್ಸು ಮಾಡಿ ಹೋದ. ಆರಕ್ಕೆ ಕಡ್ಡಿ ಹಿಡಿದು ಸುತ್ತಿದ, ಎಲ್ಲೂ ಹೊಗೆ ಇಲ್ಲ. ಯಜಮಾನರು ಹನ್ನೊಂದೂವರೆಗೆ ಬರುತ್ತಾರೆಂದು ತಿಳಿಯಿತು. ಹನ್ನೊಂದಕ್ಕೆ ಚಹಾ ಬಂತು. ಮಿಷಿನ್ ರೂಮಿಗೂ ಟ್ಯಾಂಕಿನ ಹಾಲಿಗೂ ನಡುವೆ ಒಂದು ದೊಡ್ಡ ಗಾಜಿನ ಕಿಟಕಿ. ಅದರ ಈಚೆ, ಹೊರಗಿನ ಗಾಳಿ ಎಳೆಯುವ ಫ್ಯಾನಿನ ಕೆಳಗೆ ಕೂತು, ಯಜಮಾನರ ಮುಂದೆ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ.

ಕಿಟಕಿಯ ಆಚೆ ಟ್ಯಾಂಕಿನ ಮೂಲೆಯಲ್ಲಿ ಹೊಟ್ಟಿನಕ್ಕ ಐಸ್ ಗಡ್ಡೆಗಳಿಗೆ ಮರದ ಹೊಟ್ಟು ಮೆತ್ತಿ ಗೋಣಿ ಸುತ್ತುತ್ತಿದ್ದಳು. ಹದಿನೈದು ವರ್ಷಗಳಿಂದ ಅದೇ ಕೆಲಸ, ಅದಕ್ಕೇ ಆ ಹೆಸರು. ಅವಳು ತಲೆ ಎತ್ತಿ ಮೇಸ್ತ್ರಿಯ ಕಡೆ ನೋಡಿದಳು. ಚಹಾ ಬೇಕೇನೋ ಎಂದುಕೊಂಡು ಅವನು ಲೋಟ ಎತ್ತಿ ತೋರಿಸಿ ಹುಬ್ಬು ಹಾರಿಸಿದ. ಬೇಡವೆಂದು ತಲೆಯಾಡಿಸಿ ಆಕೆ ಮತ್ತೆ ಬಗ್ಗಿದಳು. ಸ್ವಲ್ಪ ಹೊತ್ತಿಗೆ, ಕೊಕ್ಕೆ ಹಾಕಿ ಗಡ್ಡೆ ಎಳೆಯುವ ಕೊಕ್ಕೆಯಣ್ಣನೂ ಒಮ್ಮೆ ಕೆಮ್ಮಿ ಇತ್ತ ನೋಡಿ, ಮತ್ತೆ ಗಡ್ಡೆ ಎಳೆದ. ಇವತ್ತೇನು ಎಲ್ಲರಿಗೂ ನನ್ನ ಮೇಲೆ ಕಣ್ಣು ಎಂದು ಮೇಸ್ತ್ರಿ ಮನಸ್ಸಿನಲ್ಲೇ ನಕ್ಕ. ಅಷ್ಟರಲ್ಲಿ ಹೊಟ್ಟಿನಕ್ಕ ಎರಡೂ ಕೈಯಿಂದ ಗಂಟಲು ಹಿಡಿದುಕೊಂಡು ಮಂಡಿಯೂರಿ ಕುಸಿದಳು.

ಮುಂದಿನದನ್ನು ಅವನು ಚೆನ್ನಾಗಿಯೇ ಮಾಡಿದ, ಅದನ್ನು ಇಲ್ಲವೆನ್ನಬಾರದು. ಯಂತ್ರ ನಿಲ್ಲಿಸಿ, ಟವೆಲು ನೀರಲ್ಲದ್ದಿ ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದ. ಬಾಗಿಲು ದಾಟಿದ ಕೂಡಲೇ ಉರಿ ಮುಖಕ್ಕೆ ಬಡಿಯಿತು. ಹೊಟ್ಟಿನಕ್ಕನನ್ನು ಕಂಕುಳಿಗೆ ಕೈ ಕೊಟ್ಟು ಎಳೆದು ತಂದು, ಅಂಗಳದಲ್ಲಿ ಕೊಳವೆಗಳ ಮೇಲೆ ಸುರಿಯುವ ನೀರಿನ ಕೆಳಗೆ ಅವಳ ಮುಖ ಹಿಡಿದ. ಅಮೋನಿಯಕ್ಕೆ ನೀರೆಂದರೆ ಹಸಿವು; ಅದು ಕಣ್ಣು ಬಿಟ್ಟು ನೀರಿನ ಜೊತೆ ಹೋಗಲೆಂದು, ಅವಳ ರೆಪ್ಪೆ ಬಿಡಿಸಿ ಹಿಡಿದುಕೊಂಡೇ ಇರಲು, ಕೆಮ್ಮುತ್ತಾ ಹೊರಗೋಡಿ ಬಂದಿದ್ದ ಕೊಕ್ಕೆಯಣ್ಣನಿಗೆ ಹೇಳಿ, ಅಂಗಳದ ಗೋಡೆಗೆ ತೂಗುಹಾಕಿದ್ದ ಗ್ಯಾಸಿನ ಮುಖವಾಡ ಹಾಕಿಕೊಂಡು ಮತ್ತೆ ಒಳಗೆ ಹೋಗಿ ದೊಡ್ಡ ವಾಲ್ವ್ ಮುಚ್ಚಿದ. ಟ್ಯಾಂಕಿನ ಮೂಲೆಯ ವಾಲ್ವಿನ ಸಂದಿಗೆ ತುಂಬಿದ್ದ ಪ್ಯಾಕಿಂಗ್ ಕಿತ್ತುಹೋಗಿತ್ತು. ಪೈಪು ಹಿಡಿದು ಹಾಲಿಗೆಲ್ಲ ನೀರು ಹೊಡೆದ.

ಹನ್ನೊಂದೂವರೆಗೆ ಯಜಮಾನರು ಬಂದಾಗ ಹೊಟ್ಟಿನಕ್ಕನನ್ನು ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮೇಸ್ತ್ರಿ ಇರದಿದ್ದರೆ ಹೆಣ ಬೀಳುತ್ತಿತ್ತು ಎಂದರು. ಯಜಮಾನರು ಅವನ ಬೆನ್ನು ತಟ್ಟಿ, "ನಿನ್ನ ಮೂಗು ಇವತ್ತು ಫ್ಯಾಕ್ಟರಿ ಉಳಿಸ್ತಪ್ಪಾ," ಎಂದರು. ಉರು ಹೊಡೆದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಮೇಸ್ತ್ರಿ ನೆಲ ನೋಡುತ್ತಾ ನಿಂತ. ಜನ ಅದನ್ನು ವಿನಯ ಎಂದು ತಿಳಿದರು.

ಮಾರನೆಯ ದಿನ ಆಸ್ಪತ್ರೆಗೆ ಹೋದ. ಹೊಟ್ಟಿನಕ್ಕನ ಎರಡು ಕಣ್ಣಿಗೂ ಒದ್ದೆ ಹತ್ತಿಯ ಪಟ್ಟಿ ಕಟ್ಟಿದ್ದರು. ಕಣ್ಣು ಉಳಿಯುತ್ತದೆ, ಐದು ನಿಮಿಷ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ನರ್ಸು ಅವನಿಗೆ ಬಾಗಿಲಲ್ಲೇ ಹೇಳಿದ್ದಳು.

"ಯಾರು, ಮೇಸ್ತ್ರಿಯಾ?" ಆಕೆಯ ದನಿ ತಗಡು ಕೆರೆದ ಹಾಗಿತ್ತು.

"ಹೂಂ ಅಕ್ಕಾ. ಮಾತಾಡ್ಬೇಡ, ಸುಮ್ನಿರು."

"ಒಂದು ಕೇಳ್ಬೇಕಿತ್ತು. ಈ ಡಾಕ್ಟ್ರಿಗೂ ಕೇಳ್ದೆ, ಅವರು ನಕ್ಕುಬಿಟ್ರು." ಆಕೆ ಉಗುಳು ನುಂಗಿ ಸುಧಾರಿಸಿಕೊಂಡಳು. "ನನ್ನ ಮೂಗು ಏನಾದ್ರೂ ಕೆಟ್ಟಿದೆಯಾ? ನೀವು ಓಡಿ ಬರೋಕೆ ಕಾಲು ಗಂಟೆ ಮುಂಚೆನೇ ನನಗೆ ಗ್ಯಾಸಿನ ವಾಸನೆ ಬಂದ ಹಾಗಾಯ್ತು. ಎದ್ದು ಹೋಗೋಣ ಅಂತ ನಿಮ್ಮ ಕಡೆ ನೋಡ್ದೆ. ನೀವು ಆರಾಮಾಗಿ ಚಹಾ ಕುಡೀತಿದ್ರಿ. ಮೇಸ್ತ್ರಿಗೇ ಬರದಿರೋದು ನನಗೆಲ್ಲಿಂದ ಬರುತ್ತೆ, ನನ್ನ ಭ್ರಮೆ ಅಂದ್ಕೊಂಡು ಕೂತೆ."

ನಾಲ್ಕು ತಿಂಗಳು ಮೇಸ್ತ್ರಿ ಅಂಜಿದ್ದು, ಗ್ಯಾಸು ಸೋರಿದರೆ ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು. ತಿಳಿದಿತ್ತು. ಅವಳಿಗೂ ತಿಳಿದಿತ್ತು, ಕೊಕ್ಕೆಯಣ್ಣನಿಗೂ ತಿಳಿದಿತ್ತು. ಇಬ್ಬರೂ ಅವನ ಮುಖ ನೋಡಿ ತಮ್ಮ ಮೂಗನ್ನು ಸುಳ್ಳು ಮಾಡಿಕೊಂಡಿದ್ದರು.

"ನಿನ್ನ ಮೂಗು ನೆಟ್ಟಗಿದೆ ಅಕ್ಕಾ. ಕೆಟ್ಟಿರೋದು ನನ್ನದು. ನಾಲ್ಕು ತಿಂಗಳಾಯ್ತು, ನನಗೆ ಯಾವ ವಾಸನೆನೂ ಬರಲ್ಲ."

ಆಕೆ ಅವನ ದನಿಯ ಕಡೆಗೆ ಮುಖ ತಿರುಗಿಸಿದಳು. ಕಣ್ಣು ಕಟ್ಟಿದ್ದರಿಂದ ಮುಖದಲ್ಲಿ ಏನಿದೆಯೆಂದು ತಿಳಿಯುವಂತಿರಲಿಲ್ಲ.

"ನನ್ನನ್ನ ಕೇಳಬಹುದಿತ್ತಲ್ಲ ಮೇಸ್ತ್ರಿ," ಎಂದಳು. "ದಿನಾ ಅಲ್ಲೇ ಕೂತಿರ್ತಿದ್ದೆ. ಅಕ್ಕಾ ವಾಸನೆ ಬರ್ತಿದೆಯಾ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ನಲ್ಲ."

ಅವನು ಅಲ್ಲೇ, ಪಕ್ಕದ ಹಾಸಿಗೆಯವರ ಎದುರೇ, ಬಿಕ್ಕಿ ಬಿಕ್ಕಿ ಅತ್ತ. ಹೊಟ್ಟಿನಕ್ಕ ಸಮಾಧಾನ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ಆಸ್ಪತ್ರೆಯಿಂದ ನೇರ ಫ್ಯಾಕ್ಟರಿಗೆ ಹೋಗಿ, ಯಜಮಾನರನ್ನೂ ಉಳಿದವರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡು ಎಲ್ಲ ಹೇಳಿದ, ಚಹಾದ ಲೋಟ ಎತ್ತಿ ತೋರಿಸಿದ್ದನ್ನೂ ಸೇರಿಸಿ. ಯಜಮಾನರು ಬಾಯಿಗೆ ಬಂದಂತೆ ಬೈದು ಮನೆಗೆ ಕಳಿಸಿದರು. ವಾರದ ಮೇಲೆ ಅವರೇ ಹೇಳಿ ಕಳಿಸಿದರು. ಆ ಮುದಿ ಕಂಪ್ರೆಸರ್ ಬೇರೆ ಯಾರ ಮಾತೂ ಕೇಳಿರಲಿಲ್ಲ. ಸೋರಿಕೆ ಪತ್ತೆ ಹಚ್ಚಿ ಕೂಗುವ ಯಂತ್ರವನ್ನು ತರಿಸಲು ಬರೆದಿದ್ದರು, ಅದು ಬರಲು ತಿಂಗಳುಗಳು ಬೇಕಿತ್ತು. ಅಲ್ಲಿಯವರೆಗೆ ಯಾರಿಗೆ ವಾಸನೆ ಬಂದರೂ ಕೂಗಬೇಕು, ಕೂಗಿದರೆ ಎಲ್ಲರೂ ಹೊರಗೆ ಹೋಗಬೇಕು ಎಂದು ಕಟ್ಟಪ್ಪಣೆ ಮಾಡಿದರು. ಎಲ್ಲರೂ ಹೂಂ ಎಂದರು. ಮೂವತ್ತು ವರ್ಷದ ಅಭ್ಯಾಸ ಒಂದು ಹೂಂನಿಂದ ಹೋಗುತ್ತದೆಯೇ? ಯಾರಾದರೂ ಕೆಮ್ಮಿದರೆ ಸಾಕು, ಎಲ್ಲರ ತಲೆಗಳೂ ಗಾಜಿನ ಕಿಟಕಿಯ ಕಡೆ ತಿರುಗುತ್ತಿದ್ದವು. ಮೇಸ್ತ್ರಿ ಕುರ್ಚಿಯನ್ನು ತಿರುಗಿಸಿ, ಅವರಿಗೆ ಬೆನ್ನು ಹಾಕಿ ಕೂರತೊಡಗಿದ.

ಹೊಟ್ಟಿನಕ್ಕ ಒಂದು ತಿಂಗಳ ಮೇಲೆ ಕೆಲಸಕ್ಕೆ ಮರಳಿದಳು. ಮೇಸ್ತ್ರಿ ಗಂಟೆಗೊಮ್ಮೆ ಬಾಗಿಲಿಗೆ ಬಂದು "ಅಕ್ಕಾ?" ಎನ್ನುತ್ತಿದ್ದ. ಆಕೆ ಗಾಳಿ ಎಳೆದು ನೋಡಿ "ಇಲ್ಲ" ಎನ್ನುತ್ತಿದ್ದಳು. ಬೇರೆ ಮಾತಿಲ್ಲ. ಆ "ಇಲ್ಲ" ಅನ್ನುವಾಗಲೂ ಆಕೆಯ ದನಿಯಲ್ಲಿ ಅಳುಕಿತ್ತು, ತನ್ನ ಮೂಗನ್ನು ತಾನೇ ಪೂರ್ತಿ ನಂಬದವಳ ಅಳುಕು.

ಒಂದು ಮಧ್ಯಾಹ್ನ, ಅವನು ಕೇಳುವ ಮುಂಚೆಯೇ, ಆಕೆ ಗೋಣಿ ಬಿಟ್ಟು ಎದ್ದಳು. "ಗ್ಯಾಸು," ಎಂದಳು. ಕೂಗು ಅಂತಲೂ ಹೇಳುವಂತಿರಲಿಲ್ಲ, ಅಷ್ಟು ಮೆತ್ತಗೆ. ಕೊಕ್ಕೆಯಣ್ಣ ಮೂಗು ಅರಳಿಸಿ ನೋಡಿ, ಏನೂ ಇಲ್ಲವೆಂದು ತಲೆಯಾಡಿಸಿದ. ಉಳಿದವರು ಎಂದಿನಂತೆ ಬಾಗಿಲಲ್ಲಿದ್ದ ಮೇಸ್ತ್ರಿಯ ಮುಖ ನೋಡುತ್ತಾ ನಿಂತರು. ಟ್ಯಾಂಕಿನಲ್ಲಿ ಅರ್ಧ ಕಟ್ಟಿದ ಗಡ್ಡೆ ತುಂಬಿತ್ತು. ಮೇಸ್ತ್ರಿಗೆ ವಾಸನೆ ಬರಲಿಲ್ಲ, ಉರಿಯೂ ಇರಲಿಲ್ಲ. ಅವನು ಹೋಗಿ ಯಂತ್ರ ನಿಲ್ಲಿಸಿಬಿಟ್ಟ.

"ನನ್ನ ಮುಖದಲ್ಲಿ ಏನು ಬರೆದಿದೆ? ಅಕ್ಕ ಹೇಳಿದ್ದು ಕೇಳಿಸ್ಲಿಲ್ವಾ? ಹೊರಗೆ ನಡೀರಿ ಎಲ್ರೂ!"

ಎಲ್ಲರೂ ಅಂಗಳಕ್ಕೆ ಓಡಿದರು. ಮೇಸ್ತ್ರಿ ಮುಖವಾಡ ಹಾಕಿಕೊಂಡು, ಆಸಿಡ್ಡಿನ ಕಡ್ಡಿ ಹಿಡಿದು ಒಬ್ಬನೇ ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಸುಮ್ಮನೆ ಒಂದು ದಿನದ ಐಸ್ ಹಾಳಾಯಿತು ಎಂದು ಯಾರೋ ಗೊಣಗಿದರು. ಹೊಟ್ಟಿನಕ್ಕ ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು.

ಮೇಸ್ತ್ರಿ ಹೊರಗೆ ಬಂದ. ಮುಖವಾಡ ತೆಗೆದು, ಬೇರೆ ಯಾರ ಕಡೆಗೂ ನೋಡದೆ ನೆಟ್ಟಗೆ ಅವಳ ಬಳಿಗೆ ಹೋದ.

"ಇತ್ತು ಅಕ್ಕಾ. ಇಪ್ಪತ್ತೊಂಬತ್ತನೇ ಜಾಯಿಂಟು, ಕೂದಲೆಳೆಯಷ್ಟು. ಕೊಕ್ಕೆಯಣ್ಣನಿಗೇ ಬರಲಿಲ್ಲ, ನಿನಗೆ ಬಂತು."

"ನಿಜವಾಗ್ಲೂ ಇತ್ತಾ?"

"ನಿಜವಾಗ್ಲೂ."

ಆಸ್ಪತ್ರೆಯಲ್ಲೂ ಅಳದಿದ್ದ ಹೊಟ್ಟಿನಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.